ಮುನ್ನೂರು ಗ್ರಾಂ

ನಮ್ಮ ಡಾಕ್ಟರು ಹೆಣದ ಕೋಣೆಯ ಹೊಸ್ತಿಲು ದಾಟಿದ್ದನ್ನು ಒಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಬಾಗಿಲಲ್ಲಿ ನಿಲ್ಲುತ್ತಿದ್ದರು. ಸೆಂಟು ಹಾಕಿದ ಕರ್ಚೀಫು ಮೂಗಿಗೆ, ಬೂಟಿನ ತುದಿ ಹೊಸ್ತಿಲಿಗೆ ಸರಿಯಾಗಿ ನಾಲ್ಕು ಬೆರಳು ಆಚೆಗೆ. ಅಲ್ಲಿಂದಲೇ ಅವರಿಗೆ ಹೆಣದ ಒಳಗಿರುವುದೆಲ್ಲ ಕಾಣುತ್ತಿತ್ತು. ನಾನಿನ್ನೂ ಚಾಕು ಎತ್ತಿಕೊಂಡಿರುವುದಿಲ್ಲ, ಅವರು ಅರ್ಧ ಫಾರಂ ತುಂಬಿರುತ್ತಿದ್ದರು.

"ಶ್ವಾಸಕೋಶ, ಸಹಜ. ಯಕೃತ್ತು, ಸಹಜ. ಹೃದಯ, ಮುನ್ನೂರು ಗ್ರಾಂ. ಲೋ ಸೂಜಿ, ಹೊಲಿದುಬಿಡೋ."

"ಇನ್ನೂ ಕೊಯ್ದಿಲ್ಲ ಸಾರ್."

"ಹಾಗಾದ್ರೆ ಕೊಯ್ದು ಹೊಲಿ. ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಸೂಜಿ ಅಂದರೆ ನಾನು. ಗೋಣಿಚೀಲ ಹೊಲಿಯುವ ಸೂಜಿಯಲ್ಲಿ ಹೆಣ ಹೊಲಿಯುತ್ತೇನೆ, ಅದಕ್ಕೆ ಆ ಹೆಸರು. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ನೆಲ ತೊಳೆಯುವವನು. ಹೆಣ ಕೊಯ್ಯಲು ಓದಿರಬೇಕು ಎಂದು ಕಾನೂನು. ಹಾಗಾಗಿ ಕಾಗದದ ಮೇಲೆ ಕೊಯ್ಯುವವರು ಡಾಕ್ಟರು. ಎದೆಗೂಡು ಬಿಡಿಸುವುದು, ತಲೆಬುರುಡೆಗೆ ಗರಗಸ ಹಾಕುವುದು, ಕರುಳು ಎತ್ತುವುದು, ಮತ್ತೆ ತುಂಬುವುದು ನಾನು. ಫಾರಂನ ಕೊನೆಯಲ್ಲಿ ಒಂದು ಸಾಲಿದೆ: 'ಡಾಕ್ಟರು ಸ್ವತಃ ಶವಪರೀಕ್ಷೆ ನಡೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.' ಅದರ ಕೆಳಗೆ ನನ್ನ ಸಹಿ.

ಕೋಣೆಯ ಮೂಲೆಯಲ್ಲಿ ಗಡಿಯಾರದಂಥ ಮುಖದ ಒಂದು ತಕ್ಕಡಿ ಇದೆ. ಎರಡು ವರ್ಷದ ಹಿಂದೆ ಅದರ ಮುಳ್ಳು ತುಕ್ಕು ಹಿಡಿದು ಮುನ್ನೂರರ ಮೇಲೆ ನಿಂತಿತು. ಅಂದಿನಿಂದ ಈ ಊರಿನಲ್ಲಿ ಸತ್ತವರೆಲ್ಲರ ಹೃದಯವೂ ಮುನ್ನೂರು ಗ್ರಾಂ. ಒಣಕಲು ಮುದುಕಿಯದೂ ಅಷ್ಟೇ, ಕುಸ್ತಿಯವನದೂ ಅಷ್ಟೇ. ಸಮಾನತೆ ಎಲ್ಲಿದೆ ಎಂದು ಭಾಷಣ ಮಾಡುವವರು ಒಮ್ಮೆ ನಮ್ಮ ಕೋಣೆಗೆ ಬಂದು ನೋಡಬೇಕು.

ಊರ ಹೊರಗೆ ಒಂದು ಕಲ್ಲಿನ ಕಾರ್ಖಾನೆ ಇದೆ. ಬಿಳಿಗಲ್ಲನ್ನು ಪುಡಿ ಮಾಡಿ, ಅಂಟು ಕಲೆಸಿ, ಒತ್ತಿ, ಅಡುಗೆಮನೆಯ ಕಟ್ಟೆಗೆ ಹಾಸುವ ಹಲಗೆ ಮಾಡುತ್ತಾರೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ಹಲಗೆ ಕತ್ತರಿಸುವಾಗ ನೀರು ಬಿಡಬೇಕು, ಆಗ ಧೂಳು ಏಳುವುದಿಲ್ಲ. ನೀರು ಬಿಟ್ಟರೆ ಕೆಲಸ ನಿಧಾನ. ಆದ್ದರಿಂದ ಬಿಡುವುದಿಲ್ಲ. ಕೆಲಸದವರೆಲ್ಲ ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವರು. ತಗಡಿನ ಶೆಡ್ಡಿನಲ್ಲಿ ಕೋಣೆಗೆ ಹದಿನಾಲ್ಕು ಜನ, ಏಳು ಹಾಸಿಗೆ. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುತ್ತಾನೆ. ಹಾಸಿಗೆಗೆ ಮಾತ್ರ ರಜೆ ಇಲ್ಲ. ಸಂಜೆ ಅಂಗಡಿ ಬೀದಿಗೆ ಬಂದರೆ ರೆಪ್ಪೆ ಕೂಡ ಬೆಳ್ಳಗಿರುತ್ತದೆ. ಹಿಟ್ಟಿನ ಗೊಂಬೆಗಳು ಎಂದು ಊರವರು ನಗುತ್ತಾರೆ.

ಒಂಬತ್ತು ತಿಂಗಳಲ್ಲಿ ಹತ್ತು ಹಿಟ್ಟಿನ ಗೊಂಬೆಗಳು ನನ್ನ ಮೇಜಿನ ಮೇಲೆ ಮಲಗಿದವು.

ಶ್ವಾಸಕೋಶ ಸ್ಪಂಜಿನ ಹಾಗಿರುತ್ತದೆ. ಒತ್ತಿದರೆ ಒಳಗೆ ಹೋಗಬೇಕು. ಇವರದು ಹೋಗುತ್ತಿರಲಿಲ್ಲ. ಚಾಕು ಇಟ್ಟರೆ ಕರಕರ ಎನ್ನುತ್ತಿತ್ತು, ಮರಳಿನ ಮೂಟೆ ಕೊಯ್ದ ಹಾಗೆ. ಮೂರನೆಯ ಹೆಣದ ಹೊತ್ತಿಗೆ ನನ್ನ ಚಾಕುವಿನ ಬಾಯಿ ಹೋಯಿತು. ಹೊಸದು ಕೇಳಿದರೆ ಉಗ್ರಾಣದವನು, "ಹೆಣ ಕೊಯ್ತೀಯೋ ಕಲ್ಲು ಕೊಯ್ತೀಯೋ?" ಎಂದು ನಕ್ಕ. ಅವನಿಗೆ ಗೊತ್ತಿಲ್ಲದೆ ಅವನೊಬ್ಬನೇ ಸರಿಯಾದ ಪ್ರಶ್ನೆ ಕೇಳಿದ್ದ.

ಹತ್ತು ಫಾರಂಗಳಲ್ಲೂ ಒಂದೇ ಮಾತು. ಹೃದಯ ಸ್ತಂಭನ, ಸಹಜ ಸಾವು. ಸತ್ತವರಿಗೆಲ್ಲ ಹೃದಯ ನಿಂತೇ ನಿಲ್ಲುತ್ತದೆ. ಇದನ್ನು ಹೇಳುವುದಕ್ಕೆ ನಮ್ಮ ಡಾಕ್ಟರು ಎಂಟು ವರ್ಷ ಓದಿದ್ದರು. ಇನ್ನೂ ಒಂದು ಚೋದ್ಯವಿದೆ. ಈ ಹತ್ತು ಜನ ಕೆಲಸಕ್ಕೆ ಸೇರುವಾಗ 'ಆರೋಗ್ಯವಂತ, ಭಾರವಾದ ಕೆಲಸಕ್ಕೆ ಯೋಗ್ಯ' ಎಂದು ಬರೆದುಕೊಟ್ಟವರೂ ಅವರೇ. ಒಳಗೆ ಬಿಡುವ ಕಾಗದ, ಹೊರಗೆ ಕಳಿಸುವ ಕಾಗದ ಎರಡಕ್ಕೂ ಒಂದೇ ಪೆನ್ನು.

ನಾನು ಹತ್ತಕ್ಕೂ ಸಹಿ ಹಾಕಿದೆ. ನನಗೂ ಮನೆ ಇದೆ, ಹೆಂಡತಿ ಇದ್ದಾಳೆ ಎಂದುಕೊಂಡು ಹಾಕಿದೆ. ಸತ್ತವರಿಗೂ ಅವು ಇದ್ದವು.

ಹನ್ನೊಂದನೆಯವನು ಬಂದಾಗ ಜೊತೆಗೆ ಒಬ್ಬಳು ಹೆಂಗಸು ಬಂದಳು. ಅದುವರೆಗೆ ಯಾವ ಹೆಣದ ಜೊತೆಗೂ ಸಂಬಂಧಿಕರು ಬಂದಿರಲಿಲ್ಲ. ಅವರೆಲ್ಲ ರೈಲಿನ ಆ ತುದಿಯಲ್ಲಿದ್ದರು. ಪೆಟ್ಟಿಗೆ ಬಂದಾಗ ಇಳಿಸಿಕೊಳ್ಳುವುದಷ್ಟೇ ಅವರ ಕೆಲಸ. ಇವಳು ಇವನ ಅಕ್ಕ. ಎಂಟು ವರ್ಷದಿಂದ ಇದೇ ಊರಿನ ಬಸ್ ನಿಲ್ದಾಣದ ಹಿಂದೆ ಗುಜರಿ ಅಂಗಡಿ ಇಟ್ಟವಳು. ಹಳೆ ಕಾಗದ, ಕಬ್ಬಿಣ, ತಗಡು ಕೊಂಡು ಮಾರುವವಳು. ನಮ್ಮ ಮಾತನ್ನು ಚೌಕಾಸಿಯಲ್ಲೇ ಕಲಿತಿದ್ದಳು.

ಅವಳ ಹಿಂದೆಯೇ ಕಾರ್ಖಾನೆಯ ಕ್ಷೇಮಾಧಿಕಾರಿ ಬಂದ. ಕಾರ್ಮಿಕರ ಕ್ಷೇಮ ನೋಡಿಕೊಳ್ಳುವುದು ಅವನ ಕೆಲಸ. ಬದುಕಿದ್ದವರ ಕ್ಷೇಮ ಅವನು ವಿಚಾರಿಸಿದ್ದನ್ನು ಕಂಡವರಿಲ್ಲ. ಸತ್ತವರನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳುತ್ತಿದ್ದ. ಪೆಟ್ಟಿಗೆ, ಮಂಜುಗಡ್ಡೆ, ಗಾಡಿ ಎಲ್ಲ ಅರ್ಧ ಗಂಟೆಯಲ್ಲಿ ತಯಾರು.

"ಅಮ್ಮಾ, ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ. ಗಾಡಿ ನಿಂತಿದೆ. ಮಂಜುಗಡ್ಡೆ ಕರಗ್ತಿದೆ," ಎಂದ.

"ಏನಂತ ಬರೆದಿದೆ?"

"ಹೃದಯದ ಕಾಯಿಲೆ ಅಂತ. ಹೆಣ ಒಪ್ಪಿಸಿಕೊಂಡೆ, ತಕರಾರಿಲ್ಲ ಅಂತ."

"ಅವನ ಹೃದಯ ಯಾರು ನೋಡಿದ್ದು?"

ಬಾಗಿಲಲ್ಲಿದ್ದ ಡಾಕ್ಟರು ಕರ್ಚೀಫಿನ ಒಳಗಿನಿಂದಲೇ, "ನಾನೇ ನೋಡಿದೆ. ಮುನ್ನೂರು ಗ್ರಾಂ ಇತ್ತು," ಅಂದರು.

ಹುಡುಗ ಮೇಜಿನ ಮೇಲೆ ಹಾಗೆಯೇ ಮಲಗಿದ್ದ. ಅಂಗಿಯ ಗುಂಡಿ ಕೂಡ ಬಿಚ್ಚಿರಲಿಲ್ಲ. ಅವಳು ಅವನನ್ನು ನೋಡಿದಳು, ಡಾಕ್ಟರನ್ನು ನೋಡಿದಳು, ಆಮೇಲೆ ಮೂಲೆಯ ತಕ್ಕಡಿಯನ್ನು ನೋಡಿದಳು. ದಿನವೆಲ್ಲ ತೂಕ ಹಾಕುವವಳ ಕಣ್ಣು ಬೇರೆ ಎಲ್ಲಿಗೆ ಹೋದೀತು? ನೇರ ಹೋಗಿ ತಕ್ಕಡಿಯ ಮುಂದೆ ನಿಂತಳು. ತಟ್ಟೆ ಖಾಲಿ ಇತ್ತು. ಮುಳ್ಳು ಮುನ್ನೂರರ ಮೇಲಿತ್ತು. ಕಾಲಿನ ಚಪ್ಪಲಿ ಬಿಚ್ಚಿ ತಟ್ಟೆಗೆ ಹಾಕಿದಳು. ಮುನ್ನೂರು. ಇನ್ನೊಂದನ್ನೂ ಹಾಕಿದಳು. ಮುನ್ನೂರು.

"ಅಣ್ಣಾ," ಎಂದು ನನ್ನ ಕಡೆ ತಿರುಗಿದಳು. "ನನ್ನ ಚಪ್ಪಲೀಗೂ ಹೃದಯ ಇದೆ ಅಂತ ನನಗೆ ಗೊತ್ತಿರಲಿಲ್ಲ."

ನಾನು ನೆಲ ನೋಡಿದೆ. ಹಾಜರಿ ಪುಸ್ತಕದ ಪ್ರಕಾರ ಅದೇ ನನ್ನ ಕೆಲಸ.

"ನಿಮ್ಮ ತಕ್ಕಡಿ ನನ್ನ ತಮ್ಮನಿಗಿಂತ ಮುಂಚೆ ಸತ್ತಿದೆ. ನಾನು ಒತ್ತಲ್ಲ."

ಕ್ಷೇಮಾಧಿಕಾರಿ ಗೋಗರೆದ. ಗದರಿಸಿದ. ನಿಮ್ಮ ಅಂಗಡಿಗೆ ಪರವಾನಗಿ ಇದೆಯಾ ಎಂದು ಕೇಳಿದ. ಇದೆ ಅಂದಳು. ಅವರ ಅವಸರಕ್ಕೆ ಕಾರಣ ನನಗೆ ಗೊತ್ತಿತ್ತು. ಹತ್ತು ಸಾವಿನ ಸುದ್ದಿ ಯಾವುದೋ ಪತ್ರಿಕೆಯಲ್ಲಿ ಬಂದು, ಮೇಲಿನಿಂದ ಒಬ್ಬ ತನಿಖಾಧಿಕಾರಿ ಮರುದಿನ ಬೆಳಿಗ್ಗೆ ಬರುವವನಿದ್ದ. ಅವನು ಬರುವ ಹೊತ್ತಿಗೆ ಕೋಣೆ ಖಾಲಿ ಇರಬೇಕಿತ್ತು. ಹತ್ತು ಜನ ಆಗಲೇ ಮಣ್ಣಿಗೋ ಬೆಂಕಿಗೋ ಹೋಗಿಯಾಗಿತ್ತು. ಉಳಿದಿದ್ದು ಇವನೊಬ್ಬ. ಇವನೂ ಹೋದರೆ ತೋರಿಸಲು ಯಾರ ಎದೆಯೂ ಇರುವುದಿಲ್ಲ.

ಅವರಿಬ್ಬರೂ ಫೋನು ಮಾಡಲು ಆಚೆ ಹೋದಾಗ ನಾನು ಮೊದಲ ಸಲ ಬಾಯಿ ಬಿಟ್ಟೆ.

"ಅಕ್ಕಾ, ನಾಳೆ ಬೆಳಿಗ್ಗೆವರೆಗೆ ಹೆಬ್ಬೆಟ್ಟು ಗಟ್ಟಿಯಾಗಿ ಮುಚ್ಚಿಟ್ಕೋ. ನಾಳೆ ಒಬ್ಬ ಅಧಿಕಾರಿ ಬರ್ತಾನೆ. ಅವನ ಎದುರಿಗೆ ಕೊಯ್ಯಲಿ."

"ಒಳಗೆ ಏನಿದೆ, ನಿನಗೆ ಗೊತ್ತಾ?"

"ಹತ್ತು ಜನರದ್ದು ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ದೆಯಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ತಮ್ಮನ ಅಂಗಿಯ ತೋಳಿನ ಮೇಲಿದ್ದ ಬಿಳಿ ಧೂಳನ್ನು ಬೆರಳಲ್ಲಿ ಒರೆಸಿ ನೋಡಿದಳು. "ಊರಲ್ಲಿ ಕುರಿ ಮೇಯಿಸ್ಕೊಂಡಿದ್ದ. ಬಾ, ಇಲ್ಲಿ ಕೆಲಸ ಇದೆ ಅಂತ ಕರೆಸಿದ್ದು ನಾನೇ," ಅಂದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ.

ಸಂಜೆ ಮನೆಗೆ ಹೋದೆ. ಹಿತ್ತಲ ನಲ್ಲಿಯಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆಯದೆ ನನ್ನ ಹೆಂಡತಿ ಒಳಗೆ ಬಿಡುವುದಿಲ್ಲ. ಅವಳು ಟವಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ನಡೆದದ್ದೆಲ್ಲ ಹೇಳಿದೆ.

"ನಾಳೆ ಏನ್ ಮಾಡ್ತೀರಿ?"

"ಏನ್ ಮಾಡ್ಲಿ? ನಾನು ಕೊಯ್ದರೆ ಡಾಕ್ಟ್ರು ಬಾಗಿಲಲ್ಲೇ ನಿಂತು ಬರೀತಾರೆ. ಅಧಿಕಾರೀನೂ ಅವರ ಪಕ್ಕ ನಿಲ್ತಾನೆ. ಬಾಗಿಲು ಅಗಲವಾಗಿದೆ, ಇಬ್ಬರಿಗೆ ಜಾಗ ಇದೆ."

"ನಿಮ್ಮನ್ನ ಯಾವ ಕೆಲಸಕ್ಕೆ ಇಟ್ಕೊಂಡಿರೋದು?"

"ನೆಲ ತೊಳೆಯೋಕೆ."

"ಹಾಗಾದ್ರೆ ನೆಲ ತೊಳೀರಿ," ಎಂದು ಟವಲು ನನ್ನ ಮುಖಕ್ಕೆ ಎಸೆದಳು.

ಬೆಳಿಗ್ಗೆ ತನಿಖಾಧಿಕಾರಿ ಬಂದ. ದಪ್ಪ ಕನ್ನಡಕ, ಕೈಯಲ್ಲಿ ಚೀಲ, ವಿಪರೀತ ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ವಾಸನೆಯೇ ಇಲ್ಲದ ಕಾರಣ ಸೀದಾ ಒಳಗೆ ಬಂದು ಹೆಣದ ಪಕ್ಕದ ಸ್ಟೂಲಿನ ಮೇಲೆ ಕೂತ. ಅಂಥ ಮನುಷ್ಯನನ್ನು ಆ ಕೋಣೆ ಕಂಡಿರಲಿಲ್ಲ. ನ್ಯಾಯ ಹೊಸ್ತಿಲು ದಾಟುವುದಕ್ಕೂ ಒಂದು ನೆಗಡಿ ಬೇಕಾಯಿತು.

"ಬೇಗ ಮುಗಿಸ್ರಪ್ಪಾ. ಎರಡು ಗಂಟೆ ಬಸ್ಸಿಗೆ ಹೋಗ್ಬೇಕು. 'ನನ್ನ ಸಮ್ಮುಖದಲ್ಲಿ' ಅಂತ ಬರೀಬೇಕಲ್ಲ, ಅದಕ್ಕೆ ಬಂದೆ," ಎಂದು ಸೀನಿದ.

ಡಾಕ್ಟರು ಬಾಗಿಲಿಂದ ಶುರು ಮಾಡಿದರು. "ಶ್ವಾಸಕೋಶ, ಸಹಜ. ಲೋ ಸೂಜಿ, ಚಾಕು ತಗೋ."

ನಾನು ಬಕೆಟ್ ತೆಗೆದುಕೊಂಡೆ. ನೀರು ಸುರಿದು ಪೊರಕೆಯಲ್ಲಿ ನೆಲ ಉಜ್ಜತೊಡಗಿದೆ.

"ಲೋ, ಚಾಕು ಅಂದೆ."

"ನಾನು ನೆಲ ತೊಳೆಯೋನು ಸಾರ್. ಹಾಜರಿ ಪುಸ್ತಕ ತರಿಸಿ ನೋಡಿ. ಓದದೋರು ಹೆಣ ಮುಟ್ಟಿದರೆ ತಪ್ಪಾಗುತ್ತೆ."

ಬಾಗಿಲ ಕಡೆಗೆ ಇನ್ನಷ್ಟು ನೀರು ಸುರಿದೆ.

ತನಿಖಾಧಿಕಾರಿಗೆ ಏನೂ ಅರ್ಥವಾಗಲಿಲ್ಲ. "ಅದು ಸರಿ ತಾನೆ ಡಾಕ್ಟ್ರೇ? ನೀವೇ ಕೊಯ್ಬೇಕು. ಹತ್ತೂ ನೀವೇ ಕೊಯ್ದಿದ್ದೀರಿ ಅಂತ ಇದರಲ್ಲಿದೆ. ಹನ್ನೊಂದನೇದಕ್ಕೆ ಏನು ಕಷ್ಟ? ಬನ್ನಿ, ಬನ್ನಿ."

ಡಾಕ್ಟರು ಹೊಸ್ತಿಲು ದಾಟಿದರು. ನೀರಿನಲ್ಲಿ ಕಾಲಿಡುವವರ ಹಾಗೆ ದಾಟಿದರು. ನೀರೂ ಇತ್ತು, ಬೂಟು ಒದ್ದೆಯಾಯಿತು. ಕೈಗವಸು ಎಲ್ಲಿ ಎಂದು ಕೇಳಿದರು. ಆ ಕೋಣೆಗೆ ಕೈಗವಸು ಬಂದದ್ದು ನನಗೆ ನೆನಪಿಲ್ಲ, ಹಾಗೆಂದು ಹೇಳಿದೆ. ಚಾಕುವನ್ನು ಪೆನ್ನಿನ ಹಾಗೆ ಹಿಡಿದರು. ಪಾಪ, ಅವರಿಗೆ ಗೊತ್ತಿದ್ದ ಹತ್ಯಾರ ಅದೊಂದೇ. ಹುಡುಗನ ಹೊಟ್ಟೆಯ ಮೇಲೆ ಒಂದು ಗೆರೆ ಎಳೆದರು. ಚರ್ಮ ಕೂಡ ಸರಿಯಾಗಿ ಬಿಚ್ಚಲಿಲ್ಲ. ಮೇಷ್ಟರು ತಪ್ಪು ಲೆಕ್ಕದ ಮೇಲೆ ಎಳೆಯುವಂಥ ಗೆರೆ. ಪಕ್ಕದಲ್ಲಿ ಇನ್ನೊಂದು ಎಳೆದರು. ಕರ್ಚೀಫು ಕೆಳಗೆ ಬಿತ್ತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನನ್ನ ಕಡೆ ನೋಡಿದರು. ನಾನು ಮೂಲೆ ಉಜ್ಜುತ್ತಿದ್ದೆ.

"ಸಾಕು."

ಹೇಳಿದ್ದು ಅವಳು. ಡಾಕ್ಟರು ಬಿಟ್ಟುಬಂದ ಜಾಗದಲ್ಲಿ, ಹೊಸ್ತಿಲಿನ ಆಚೆ ನಿಂತಿದ್ದಳು. ಪಕ್ಕದಲ್ಲಿ ಒಂದು ಗೋಣಿಚೀಲ.

"ಅಣ್ಣಾ, ಇವರು ನನ್ನ ತಮ್ಮನ ಮೇಲೆ ಗೀಚೋದು ಕಲಿಯೋದು ಬೇಡ. ನೀನೇ ಕೊಯ್ಯಿ."

ನನ್ನ ಹಟಕ್ಕೆ ಅವನ ಮೈ ಹರಿಯುತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು. ಪೊರಕೆ ಗೋಡೆಗೆ ಒರಗಿಸಿದೆ.

"ಸ್ವಾಮಿ, ಕೊಯ್ದಿದ್ದು ನಾನು ಅಂತ ಬರ್ಕೊಳ್ಳಿ," ಎಂದು ತನಿಖಾಧಿಕಾರಿಗೆ ಹೇಳಿದೆ.

ಅವನು ಫಾರಂ ತಿರುವಿ ತಿರುವಿ ನೋಡಿದ. "ಅದಕ್ಕೆ ಇದರಲ್ಲಿ ಜಾಗ ಇಲ್ವಲ್ಲಪ್ಪಾ."

"ಹತ್ತನ್ನೂ ಕೊಯ್ದಿದ್ದು ನಾನೇ."

"ಅದಕ್ಕೂ ಜಾಗ ಇಲ್ಲ." ಮತ್ತೆ ಸೀನಿದ.

ಹುಡುಗನ ಮುಖಕ್ಕೆ ಬಟ್ಟೆ ಮುಚ್ಚಿ ಕೊಯ್ದೆ. ಎದೆಗೂಡು ಬಿಡಿಸಿದೆ. ಚಾಕು ಶ್ವಾಸಕೋಶಕ್ಕೆ ತಾಗಿದಾಗ ಕರಕರ ಎಂದಿತು. ಕಿವಿಗೆ ನೆಗಡಿ ಆಗಿರಲಿಲ್ಲ. ತನಿಖಾಧಿಕಾರಿ ಕನ್ನಡಕ ಮೇಲೇರಿಸಿದ.

"ಏನದು ಸದ್ದು?"

"ಅಡುಗೆಮನೆ ಕಟ್ಟೆ ಸ್ವಾಮಿ," ಅಂದೆ.

ತೂಕ ಬರೆಯಬೇಕಿತ್ತು. ಡಾಕ್ಟರ ಬಾಯಿಂದ ಅಭ್ಯಾಸಬಲಕ್ಕೆ "ಮುನ್ನೂರು" ಎಂದು ಬಂತು. ಅವಳು ಗೋಣಿಚೀಲ ಬಿಚ್ಚಿದಳು. ಎರಡು ತಟ್ಟೆಯ ಗುಜರಿ ತಕ್ಕಡಿ, ಕಬ್ಬಿಣದ ತೂಕದ ಬಟ್ಟುಗಳು. ತಟ್ಟೆಗಳನ್ನು ಬೂದಿ ಹಾಕಿ ಉಜ್ಜಿ ತಂದಿದ್ದಳು, ಫಳಫಳ ಹೊಳೆಯುತ್ತಿದ್ದವು.

"ಏಯ್, ಗುಜರಿ ತಕ್ಕಡಿ ಆಸ್ಪತ್ರೇಲಿ ನಡೆಯಲ್ಲ," ಎಂದು ಕ್ಷೇಮಾಧಿಕಾರಿ ಬಾಗಿಲಿಂದ ಕೂಗಿದ. ಅವನ ಮೂಗು ಚೆನ್ನಾಗಿತ್ತು, ಒಳಗೆ ಬರಲಿಲ್ಲ.

ಅವಳು ಒಳಗೆ ಬಂದು ಬಟ್ಟುಗಳನ್ನು ಬೋರಲು ಹಾಕಿ ತನಿಖಾಧಿಕಾರಿಯ ಮುಂದೆ ಇಟ್ಟಳು. ಪ್ರತಿಯೊಂದರ ಕೆಳಗೂ ಆ ವರ್ಷದ ಸರಕಾರಿ ಮುದ್ರೆ.

"ವರ್ಷಕ್ಕೊಂದು ಸಲ ತೂಕದ ಸಾಹೇಬ್ರು ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತಿಹೋಗ್ತಾರೆ. ಹಳೆ ತಗಡಿನ ತೂಕದಲ್ಲಿ ಹತ್ತು ಗ್ರಾಂ ಹೆಚ್ಚುಕಮ್ಮಿ ಆದ್ರೆ ಅಂಗಡಿಗೆ ಬೀಗ. ನಿಮ್ಮ ತಕ್ಕಡೀಲಿ ಮುದ್ರೆ ಎಲ್ಲಿದೆ, ತೋರಿಸಿ."

ಯಾರೂ ತೋರಿಸಲಿಲ್ಲ.

"ಅದು ಇಲ್ಲಿಡಮ್ಮ. ಇವನು ತೂಗ್ತಾನೆ. ಹೆಂಗಸರು ಒಳಗೆ ಬೇಡ," ಎಂದ ತನಿಖಾಧಿಕಾರಿ.

"ತಕ್ಕಡಿ ನಂದು. ಅದು ಇದ್ದಲ್ಲಿ ನಾನಿರ್ತೀನಿ."

ತಕ್ಕಡಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ನಾನು ಮೊದಲು ಹೃದಯ ಇಟ್ಟೆ. ಅವಳು ಒಂದೊಂದೇ ಬಟ್ಟು ಹಾಕಿದಳು, ಮುಳ್ಳು ನಿಲ್ಲುವ ತನಕ ಕಾದಳು, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಇನ್ನೂರ ಎಂಬತ್ತು."

ಅಚ್ಚುಕಟ್ಟಾದ ಹೃದಯ. ಎಲ್ಲೂ ಒಂದು ಕಲೆ ಇರಲಿಲ್ಲ. ಹನ್ನೊಂದು ಸಾವಿನ ಅಪವಾದ ಹೊತ್ತ ನಿರಪರಾಧಿ.

ಆಮೇಲೆ ಶ್ವಾಸಕೋಶ. ಕಪ್ಪಗೆ, ಗಂಟುಗಂಟಾಗಿ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟೆ. ತಟ್ಟೆ ಧಸಕ್ಕೆಂದು ಕೆಳಗೆ ಹೋಯಿತು. ಅವಳ ತೋಳು ಒಂದು ಸಲ ಜಗ್ಗಿತು, ಮತ್ತೆ ಎತ್ತಿ ಹಿಡಿದಳು. ಒಂದು ಕಿಲೋ ಹಾಕಿದಳು. ಸಾಲಲಿಲ್ಲ. ಅರ್ಧ ಕಿಲೋ. ಸಾಲಲಿಲ್ಲ. ಇನ್ನೂರು. ನೂರು. ಮುಳ್ಳು ನಿಂತಿತು.

"ಒಂದು ಕಿಲೋ ಎಂಟುನೂರು."

"ಎಷ್ಟಿರಬೇಕಿತ್ತು ಡಾಕ್ಟ್ರೇ?" ಎಂದು ತನಿಖಾಧಿಕಾರಿ ಕೇಳಿದ.

ಡಾಕ್ಟರು ಒದ್ದೆ ಬೂಟು ನೋಡುತ್ತಿದ್ದರು. "ಒಂದು ಕಿಲೋ ಒಳಗೆ," ಅಂದರು. ಒಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಹೇಳಿದ ಮೊದಲ ನಿಜ ಅದು.

"ಉಳಿದಿದ್ದು ಕಾರ್ಖಾನೇದು," ಎಂದಳು ಅವಳು. "ವಾಪಸ್ ತಗೊಳ್ಳೋಕೆ ಹೇಳಿ."

ತನಿಖಾಧಿಕಾರಿ ಬರೆದುಕೊಂಡ. ತುಂಡುಗಳನ್ನು ಬಾಟಲಿಗೆ ಹಾಕಿಸಿ, ಅರಗು ಒತ್ತಿಸಿ, ಚೀಲದಲ್ಲಿಟ್ಟುಕೊಂಡು ಎರಡು ಗಂಟೆಯ ಬಸ್ಸು ಹತ್ತಿದ. ಹುಡುಗನನ್ನು ನಾನು ಹೊಲಿದೆ. ಅಂದು ಗೋಣಿ ಸೂಜಿ ಬಳಸಲಿಲ್ಲ, ಸಣ್ಣ ಸೂಜಿಯಲ್ಲಿ ಹತ್ತಿರ ಹತ್ತಿರ ಹೊಲಿದೆ. ಡಾಕ್ಟರು ಎಳೆದ ಎರಡು ಗೆರೆಗಳನ್ನೂ ಹೊಲಿದೆ.

ಆ ಒಂದು ಹೆಣದ ಮಾತು ಕಾಗದಕ್ಕೆ ಬಂತು. ಉಳಿದ ಹತ್ತು? ಹತ್ತು ಫಾರಂಗಳಲ್ಲಿ ಸಹಜ ಸಾವು, ಡಾಕ್ಟರು ಸ್ವತಃ ಕೊಯ್ದದ್ದು, ನಾನು ಕಣ್ಣಾರೆ ಕಂಡದ್ದು. ಸುಟ್ಟ ಎದೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? "ಅವರ ಅಕ್ಕತಂಗೀರಿಗೆ ಏನು ಹೇಳ್ಲಿ?" ಎಂದು ಅವಳು ಕೇಳಿದ್ದಳು. ಶೆಡ್ಡಿನವರ ಹತ್ತಿರ ಅವರೆಲ್ಲರ ಮನೆಯ ವಿಳಾಸ ಬರೆಸಿಕೊಂಡಿದ್ದಳು.

ಹದಿನೈದು ದಿನಕ್ಕೆ ನನ್ನ ಕೈಗೆ ಒಂದು ನೋಟಿಸು ಬಂತು. ಹೆಂಡತಿ ಬಾಗಿಲಲ್ಲೇ ಗಟ್ಟಿಯಾಗಿ ಓದಿದಳು. "'ಸ್ವಚ್ಛತಾ ನೌಕರರಾದ ತಾವು, ಯಾವುದೇ ಅರ್ಹತೆ ಇಲ್ಲದೆ, ಕಳೆದ ಒಂಬತ್ತು ತಿಂಗಳಲ್ಲಿ ಕಾರ್ಖಾನೆಯ ಹನ್ನೊಂದು ಶವಗಳನ್ನು ತಾವೇ ಕೊಯ್ದಿರುತ್ತೀರಿ. ವೈದ್ಯಾಧಿಕಾರಿಗಳು ಯಾವ ಶವವನ್ನೂ ಮುಟ್ಟಲು ತಾವು ಅವಕಾಶ ಕೊಟ್ಟಿರುವುದಿಲ್ಲ. ಆದ್ದರಿಂದ ತಮ್ಮನ್ನು ಅಮಾನತಿನಲ್ಲಿಡಲಾಗಿದೆ.'" ಕೆಳಗೆ ಡಾಕ್ಟರ ಸಹಿ, ಆಸ್ಪತ್ರೆಯ ಮುದ್ರೆ.

ಅವಳು ಕೊನೆಯ ಸಾಲಿಗೆ ಬರುವ ಮೊದಲೇ ನಗು ತಡೆಯಲಾರದೆ ಕೂತುಬಿಟ್ಟಳು. "ರೀ, ತನಿಖೆಯವನ ಫಾರಂನಲ್ಲಿ ಜಾಗ ಇರಲಿಲ್ಲ ಅಂದ್ರಲ್ಲ. ಡಾಕ್ಟ್ರು ಒಂದು ಇಡೀ ಹಾಳೆ ಜಾಗ ಕೊಟ್ಟಿದಾರೆ ನೋಡಿ."

ನಾನು ಅದನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಹಿಂದೆ ಹೋದೆ. ಹುಡುಗನ ಅಕ್ಕ ಹಳೆ ಪತ್ರಿಕೆಗಳ ಕಟ್ಟು ಕಟ್ಟುತ್ತಿದ್ದಳು. ಓದಿ ಹೇಳಿದೆ. ಎರಡನೆಯ ಸಲ ಓದಿಸಿದಳು.

"ಹಾಗಾದ್ರೆ ಆ ಹತ್ತು ಕಾಗದದಲ್ಲಿ 'ನಾನೇ ಕೊಯ್ದು ನೋಡಿದೆ' ಅಂತ ಬರೆದಿರೋದು?"

"ಸುಳ್ಳು. ಅವರೇ ಹೇಳ್ತಿದಾರೆ. ಮುದ್ರೆ ಹಾಕಿ ಹೇಳ್ತಿದಾರೆ."

"ಮತ್ತೆ ನೀನು ಕಣ್ಣಾರೆ ಕಂಡೆ ಅಂತ ಹಾಕಿರೋ ಸಹಿ?"

"ಅದೂ ಸುಳ್ಳು."

"ಹಾಗಂತ ಬರೆದು ಕೊಡ್ತೀಯಾ?"

ಅಲ್ಲೇ, ಹಳೆ ಪತ್ರಿಕೆಗಳ ಕಟ್ಟಿನ ಮೇಲೆ ಹಾಳೆ ಇಟ್ಟು ಬರೆದೆ. ಹತ್ತು ಜನರನ್ನೂ ಕೊಯ್ದವನು ನಾನೇ, ಹತ್ತು ಜನರ ಎದೆಯೂ ಕರಕರ ಎಂದಿತು, ನಾನು ಹಾಕಿದ ಹತ್ತು ಸಹಿಯೂ ಸುಳ್ಳು. ನೋಟಿಸಿಗೂ ಇದಕ್ಕೂ ಹನ್ನೊಂದು ಹನ್ನೊಂದು ನಕಲು ಮಾಡಿಸಿ, ಹತ್ತು ಮನೆಗೆ ಅಂಚೆಗೆ ಹಾಕಿದಳು. ಒಂದನ್ನು ತನಿಖಾಧಿಕಾರಿಗೆ ಹಾಕಿದಳು. ಅಸಲನ್ನು ಬಟ್ಟುಗಳ ಡಬ್ಬಿಯಲ್ಲಿ, ಒಂದು ಕಿಲೋ ಬಟ್ಟಿನ ಕೆಳಗೆ ಇಟ್ಟಳು.

ನಾಲ್ಕನೆಯ ದಿನ ಆಸ್ಪತ್ರೆಯ ಗುಮಾಸ್ತ ಓಡುತ್ತ ಮನೆಗೆ ಬಂದ. ಏದುಸಿರು ಬಿಡುತ್ತಿದ್ದ. ಅವನಿಗೆ ಬಿಡಲು ಉಸಿರಿತ್ತು.

"ಸೂಜಿ ಅವರೇ," ಅಂದ. ಅವರೇ ಎಂದು ಕರೆಸಿಕೊಂಡದ್ದು ಅದೇ ಮೊದಲು. "ಆ ನೋಟಿಸು ವಾಪಸ್ ಕೊಡಿ. ಟೈಪಿಂಗ್ ತಪ್ಪಾಗಿದೆಯಂತೆ. ನಾಳೆಯಿಂದಲೇ ಕೆಲಸಕ್ಕೆ ಬನ್ನಿ ಅಂತ ಡಾಕ್ಟ್ರು ಹೇಳಿದಾರೆ. ಎಲ್ಲಿ ಆ ಕಾಗದ?"

"ಗುಜರಿಗೆ ಹಾಕಿದೆ."

"ಅಯ್ಯೋ, ಯಾವ ಗುಜರಿಗೆ?"

"ತಕ್ಕಡಿ ಸರಿ ಇರೋ ಗುಜರಿಗೆ," ಅಂದೆ. ಅವನು ಹೊಸ್ತಿಲಿನ ಆಚೆ ನಿಂತಿದ್ದ. ನಾನು ಒಳಗೆ ಕರೆಯಲಿಲ್ಲ.